ಎಂಆರ್‌ಐ ಕಾಂತದೊಳಗಿನ ಸುಳಿಯನ್ನು ತಡವಿ ನೋಡುವ ಸೂಜಿ

ಮಿರಜ: ಅಥಣಿ, ಕಾಗವಾಡ, ರಾಯಬಾಗ, ಜತ್ತ ಕಡೆಯಿಂದ ಮಿರಜದ ದವಾಖಾನೆಗಳಿಗೆ ಬರುವವರಿಗೆ ಎಂಆರ್‌ಐ ಎಂಬ ಶಬ್ದ ಹೊಸದಲ್ಲ. ಸೊಂಟನೋವು, ಮಂಡಿನೋವು ಎಂದು ಬಂದವರಿಗೆ ಅನೇಕ ಸಲ ಅದನ್ನೇ ಬರೆದುಕೊಡುತ್ತಾರೆ. ಒಳಗೆ ಹೋಗುವ ಮುಂಚೆ ಚಾವಿ, ಮೊಬೈಲು, ಆಭರಣ ಎಲ್ಲ ತೆಗೆದಿಡಬೇಕು. ಯಂತ್ರ ಖಾಲಿ ಇರುವಾಗಲೂ ಕಬ್ಬಿಣದ ಸಾಮಾನು ಒಯ್ಯಲು ಬಿಡುವುದಿಲ್ಲ. ಏಕೆಂದರೆ ಆ ಕಾಂತ ರಾತ್ರಿಯಲ್ಲೂ ಆರುವುದಿಲ್ಲ.

ಅದರ ಸುರುಳಿ ನಯೋಬಿಯಂ-ಟೈಟಾನಿಯಂ ತಂತಿಯದು. ದ್ರವ ಹೀಲಿಯಂನಿಂದ ಅದನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿರುತ್ತಾರೆ. ಅಷ್ಟು ಚಳಿಯಲ್ಲಿ ತಂತಿಗೆ ವಿದ್ಯುತ್ತನ್ನು ತಡೆಯುವ ಗುಣವೇ ಉಳಿಯುವುದಿಲ್ಲ. ಒಮ್ಮೆ ಹರಿಸಿದ ಕರೆಂಟು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಅತಿವಾಹಕತೆ ಎನ್ನುತ್ತಾರೆ. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನ್ಸ್ ಇದನ್ನು ಮೊದಲ ಸಲ ಪಾದರಸದಲ್ಲಿ ಕಂಡರು.

ಆದರೆ ಇಂಥ ತಂತಿಯೊಳಗೆ ಕಾಂತಕ್ಷೇತ್ರ ಸಣ್ಣ ಸಣ್ಣ ಸುಳಿಗಳಾಗಿ ನುಗ್ಗುತ್ತದೆ. ಕೃಷ್ಣೆಗೆ ಮಹಾಪೂರ ಬಂದಾಗ ಏಳುವ ಸುಳಿಗಳಂತೆಯೇ, ಆದರೆ ಇಲ್ಲಿ ತಿರುಗುವುದು ಕರೆಂಟು. ಸುಳಿಗಳು ಇದ್ದಲ್ಲೇ ನಿಂತರೆ ತೊಂದರೆಯಿಲ್ಲ. ಅಲುಗಾಡಿದರೆ ಶಾಖ ಹುಟ್ಟುತ್ತದೆ. ತಂತಿ ಮಿತಿ ಮೀರಿ ಕಾಯ್ದರೆ ಅತಿವಾಹಕತೆ ಹೋಗಿ, ಹೀಲಿಯಂ ಕುದ್ದು ಅನಿಲವಾಗಿ ಕೊಳವೆಯಿಂದ ಆಕಾಶಕ್ಕೆ ಹಾರಿಹೋಗುತ್ತದೆ. ಅದಕ್ಕಾಗಿ ತಂತಿ ತಯಾರಿಸುವಾಗಲೇ ಅದರೊಳಗೆ ಟೈಟಾನಿಯಂನ ಅತಿ ಸಣ್ಣ ಕಣಗಳು ಮೂಡುವಂತೆ ಮಾಡುತ್ತಾರೆ. ಎತ್ತಿಗೆ ಗೂಟ ಇದ್ದಂತೆ ಸುಳಿಗೆ ಈ ಕಣ.

ಗೂಟ ಎಲ್ಲಿ ಬೇಕು, ಸುಳಿ ಯಾವಾಗ ಅದನ್ನು ಕಿತ್ತುಕೊಳ್ಳುತ್ತದೆ ಎಂದು ತಿಳಿಯಲು ಸುಳಿಯನ್ನು ನೋಡಬೇಕಲ್ಲ? 1 ಟೆಸ್ಲಾ ಕ್ಷೇತ್ರದಲ್ಲಿ ಎರಡು ಸುಳಿಗಳ ನಡುವಿನ ಅಂತರ ಸುಮಾರು 49 ನ್ಯಾನೊಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೊಮೀಟರ್. ಕಾಲೇಜಿನ ಪ್ರಯೋಗಾಲಯದ ಸೂಕ್ಷ್ಮದರ್ಶಕ ಇಲ್ಲಿ ಉಪಯೋಗಕ್ಕೆ ಬಾರದು. ಬೆಳಕಿನ ಅಲೆಯೇ 400 ನ್ಯಾನೊಮೀಟರಿಗಿಂತ ಉದ್ದ.

ಬೆಳಕಿಲ್ಲದಿದ್ದರೆ ಏನು ಮಾಡಬೇಕು? ರಾತ್ರಿ ಕರೆಂಟು ಹೋದಾಗ ಗೋಡೆ ತಡವುತ್ತ ಕಡ್ಡಿಪೆಟ್ಟಿಗೆ ಹುಡುಕುವುದಿಲ್ಲವೇ, ಹಾಗೆ. 1981ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್‌ರಿಕ್ ರೋರರ್ ಇಂಥ ಯಂತ್ರ ಕಟ್ಟಿದರು. 1986ರಲ್ಲಿ ಅವರಿಗೆ ನೊಬೆಲ್ ಬಂತು. ಇದರಲ್ಲಿ ಮಸೂರವೇ ಇಲ್ಲ. ಒಂದು ಸೂಜಿ ಇದೆ, ಅದರ ಮೊನೆಯ ತುದಿಯಲ್ಲಿ ಒಂದೇ ಪರಮಾಣು. ಸೂಜಿ ವಸ್ತುವನ್ನು ಮುಟ್ಟುವುದಿಲ್ಲ, ಒಂದು ನ್ಯಾನೊಮೀಟರಿಗಿಂತ ಕಡಿಮೆ ಅಂತರದಲ್ಲಿ ನಿಲ್ಲುತ್ತದೆ. ಆ ಸಂದಿಯನ್ನು ಹಾರಿ ತುಸು ಕರೆಂಟು ಹರಿಯುತ್ತದೆ. ಅಂತರ 0.1 ನ್ಯಾನೊಮೀಟರ್ ಹೆಚ್ಚಾದರೆ ಸಾಕು, ಆ ಕರೆಂಟು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಅಳೆಯುತ್ತ ಸಾಲು ಸಾಲಾಗಿ ಸರಿದರೆ ಕಂಪ್ಯೂಟರಿನಲ್ಲಿ ಪರಮಾಣುಗಳ ಚಿತ್ರ ಮೂಡುತ್ತದೆ. ಸೂಜಿಯನ್ನು ಇಷ್ಟು ನಾಜೂಕಾಗಿ ಸರಿಸುವ ವಸ್ತುವಿನ ಗುಣ ಅಡಿಗೆಮನೆಯ ಗ್ಯಾಸ್ ಲೈಟರಿನಲ್ಲೂ ಇದೆ. ಲೈಟರಿನಲ್ಲಿ ಹರಳನ್ನು ಒತ್ತಿದರೆ ಕಿಡಿ ಬರುತ್ತದೆ, ಇಲ್ಲಿ ವಿದ್ಯುತ್ ಕೊಟ್ಟರೆ ಹರಳು ಕೂದಲೆಳೆಗಿಂತ ಸಣ್ಣದಾಗಿ ಹಿಗ್ಗುತ್ತದೆ.

ಬಿನ್ನಿಗ್ 1986ರಲ್ಲಿ ಕ್ವೇಟ್ ಮತ್ತು ಗೆರ್ಬರ್ ಜೊತೆ ಇನ್ನೊಂದು ಬಗೆಯನ್ನೂ ಮಾಡಿದರು. ಅದು ಕರೆಂಟಿನ ಬದಲು ಸೂಜಿಯ ಮೇಲಿನ ಸೆಳೆತವನ್ನು ಅಳೆಯುತ್ತದೆ. ಮಿರಜದವರಿಗೆ ಇದನ್ನು ತಂಬೂರಿಯಿಂದಲೇ ತಿಳಿಸಬಹುದು. ಇಲ್ಲಿಯ ಸಿತಾರ್-ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿ ದಾರ ತುಸು ಸರಿಸಿದರೂ ನಾದ ಬದಲಾಗುತ್ತದೆ. ಅದೇ ಜವಾರಿ (ಜವಾರಿ ಕೋಳಿಯ ಜವಾರಿ ಬೇರೆ). ಈ ಯಂತ್ರದಲ್ಲೂ ಸೂಜಿ ಕಂಪಿಸುತ್ತಿರುತ್ತದೆ, ಪರಮಾಣು ಹತ್ತಿರ ಬಂದರೆ ಅದರ ಶ್ರುತಿ ಬದಲಾಗುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಕೈಗಡಿಯಾರದ ಸ್ಫಟಿಕವನ್ನೇ ಜರ್ಮನಿಯ ಗೀಸಿಬಲ್ ಈ ಕೆಲಸಕ್ಕೆ ಒಗ್ಗಿಸಿದರು.

ಇನ್ನು ವಿಪರೀತ ಸ್ಥಿತಿ ಏಕೆ? ಮಾಮೂಲಿ ಗಾಳಿಯಲ್ಲಿ ಯಾವುದೇ ಸ್ವಚ್ಛ ಮೇಲ್ಮೈ ಕಣ್ಣೆವೆಯಿಕ್ಕುವುದರೊಳಗೆ ಅನಿಲದ ಅಣುಗಳಿಂದ ಮುಚ್ಚಿಹೋಗುತ್ತದೆ. ಆದ್ದರಿಂದ ನಿರ್ವಾತ ಬೇಕು. ಬಿಸಿಯಿದ್ದರೆ ಪರಮಾಣು ಕುಣಿಯುತ್ತದೆ, ಸೂಜಿ ಜರುಗುತ್ತದೆ. ಆದ್ದರಿಂದ ಚಳಿ ಬೇಕು. ಬೀದಿಯಲ್ಲಿ ಟ್ರಕ್ಕು ಹೋದರೂ ಚಿತ್ರ ಕೆಡುತ್ತದೆ, ಆದ್ದರಿಂದ ನಡುಕ ತಡೆಯುವ ಏರ್ಪಾಟು ಬೇಕು. 1990ರಲ್ಲಿ ಪ್ರಕಟವಾದ ಪ್ರಸಿದ್ಧ ಚಿತ್ರದಲ್ಲಿ 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಐಬಿಎಂ ಎಂದು ಬರೆದದ್ದೂ ಇಂಥ ಚಳಿಯಲ್ಲೇ.

ಈ ಮಟ್ಟದ ಯಂತ್ರ ಮಹಾರಾಷ್ಟ್ರದಲ್ಲೇ ತಯಾರಾಗಿದೆ. ಮಿರಜದಲ್ಲಿ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮುಂಬಯಿ. ಅಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪ್ರತಾಪ ರಾಯಚೌಧುರಿ ಅವರ ತಂಡ ಕಟ್ಟಿದ ಯಂತ್ರದ ವಿವರ 2013ರಲ್ಲಿ ಪ್ರಕಟವಾಯಿತು. ಲೇಖಕರಲ್ಲಿ ಆನಂದ ಕಾಮಲಾಪುರೆ ಅವರದು ಮೊದಲ ಹೆಸರು. ಇದು 350 ಮಿಲಿಕೆಲ್ವಿನ್, ಅಂದರೆ ಸುಮಾರು ಮೈನಸ್ 272.8 ಡಿಗ್ರಿಯವರೆಗೆ ಇಳಿಯುತ್ತದೆ. ಕಾಂತಕ್ಷೇತ್ರ 9 ಟೆಸ್ಲಾ, ಅಂದರೆ ದವಾಖಾನೆಯ ಸಾಮಾನ್ಯ 1.5 ಟೆಸ್ಲಾ ಎಂಆರ್‌ಐನ ಆರು ಪಟ್ಟು. ಪರೀಕ್ಷಿಸುವ ಹಾಳೆಯನ್ನು ಯಂತ್ರದೊಳಗೇ ತಯಾರಿಸಬಹುದು. ಹರಳಾದರೆ ಕಾಗೆಬಂಗಾರದ ಪದರ ಕಿತ್ತಂತೆ ಒಳಗೇ ಸೀಳಿ, ಗಾಳಿ ಸೋಕದ ಹೊಸ ಮೇಲ್ಮೈಯನ್ನು ಸೂಜಿಗೆ ಒಡ್ಡಬಹುದು.

ಸುಳಿಯ ನಡುವೆ ಅತಿವಾಹಕತೆ ಇರುವುದಿಲ್ಲ. ಅಲ್ಲಿಗೆ ಬಂದಾಗ ಸೂಜಿಯ ಕರೆಂಟು ಬದಲಾಗುವುದರಿಂದ ಸುಳಿಗಳ ನಕ್ಷೆ ಸಿಗುತ್ತದೆ. 1989ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೆಸ್ ಮತ್ತು ಸಂಗಡಿಗರು ಸೂಜಿಯಿಂದ ಇಂಥ ಚಿತ್ರ ತೆಗೆದು ತೋರಿಸಿದ್ದರು. ಮುಂಬಯಿ ತಂಡ 2019ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕಿಂತ ಮುಂದಿನದು. ಮಾಲಿಬ್ಡಿನಂ-ಜರ್ಮೇನಿಯಂನ ತೆಳು ಹಾಳೆಯಲ್ಲಿ ಸುಳಿಗಳ ಜೋಡಣೆ ಎರಡು ಹಂತದಲ್ಲಿ ಕರಗುತ್ತದೆ ಎಂದು ಅವರು ತೋರಿಸಿದರು. ಮೊದಲು ಸುಳಿಗಳು ತಮ್ಮ ಜಾಗ ಬಿಡುತ್ತವೆ, ಆದರೂ ಸಾಲಿನ ದಿಕ್ಕು ಉಳಿಯುತ್ತದೆ. ಆಮೇಲೆ ದಿಕ್ಕೂ ಕೆಡುತ್ತದೆ.

ಇದರಿಂದ ರೋಗಿಗೇನು ಎಂದು ಕೇಳಬಹುದು. ಹೀಲಿಯಂ ದುಬಾರಿ, ಭಾರತಕ್ಕೆ ಅದು ಹೊರದೇಶದಿಂದ ಬರಬೇಕು. ಹಳೆಯ ಮಾದರಿಯ ಒಂದು ಎಂಆರ್‌ಐಗೆ ಸಾವಿರ ಲೀಟರಿಗೂ ಹೆಚ್ಚು ಬೇಕಾಗುತ್ತಿತ್ತು, ಕೆಲವು ಹೊಸ ಮಾದರಿಗಳಿಗೆ ಕೆಲವೇ ಲೀಟರು ಸಾಕು. ದ್ರವ ಸಾರಜನಕ ಮಾತ್ರ ಅಗ್ಗ. ಆಕಳು-ಎಮ್ಮೆಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಪಶು ದವಾಖಾನೆಯ ಕ್ಯಾನಿನಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಇರುವುದು ಅದೇ. ಆ ಚಳಿಯಲ್ಲೇ ಅತಿವಾಹಕವಾಗುವ ಪದಾರ್ಥಗಳು 1987ರಿಂದ ಗೊತ್ತಿವೆ. ಆದರೆ ಅಷ್ಟು ಬೆಚ್ಚಗಾದಾಗ ಅವುಗಳೊಳಗಿನ ಸುಳಿಗಳು ಗೂಟಕ್ಕೆ ಸುಲಭವಾಗಿ ನಿಲ್ಲುವುದಿಲ್ಲ.