ಗಣಿತದ ತಂತ್ರಾಂಶ ಇನ್‌ಸ್ಟಾಲ್ ಆಗದಿದ್ದರೆ ಏನು ಮಾಡಬೇಕು?

ಅನುಕಲನದ ಲೆಕ್ಕ ಬಿಡಿಸಿದ ಮೇಲೆ ಉತ್ತರ ಸರಿಯೇ ಎಂದು ಮನೆಯಲ್ಲೇ ನೋಡಿಕೊಳ್ಳುವಂತಿದ್ದರೆ ಎಷ್ಟು ಚೆನ್ನ! ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳು ನಮ್ಮಲ್ಲಿ ಬಹಳ ಮಂದಿಯ ಕೈಗೆಟುಕುವುದಿಲ್ಲ. ಆದರೆ ಮ್ಯಾಕ್ಸಿಮಾ, ಆಕ್ಟೇವ್, ಸೇಜ್‌ಮ್ಯಾತ್ ಎಂಬ ಮುಕ್ತ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ತೊಂದರೆ ಬರುವುದು ಅವನ್ನು ಇನ್‌ಸ್ಟಾಲ್ ಮಾಡುವಾಗ.

ಕಳೆದ ರಜೆಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಸೇಜ್‌ಮ್ಯಾತ್ ಹಾಕಲು ನಾನು ಮೂರು ದಿನ ಒದ್ದಾಡಿದೆ. ಮೊಬೈಲ್ ಡೇಟಾ ಮುಗಿಯಿತು. 'ಇದು ನನ್ನಿಂದಾಗುವ ಕೆಲಸವಲ್ಲ' ಎಂದು ಕೈಬಿಟ್ಟಿದ್ದೆ. ಆಮೇಲೆ ಕಾರಣ ತಿಳಿಯಿತು. ನೀವೂ ಹಾಗೆ ಕೈಬಿಡುವ ಮುಂಚೆ ಈ ನಾಲ್ಕು ವಿಷಯ ನೋಡಿ.

ಮೊದಲನೆಯದು, 32 ಬಿಟ್ ಅಥವಾ 64 ಬಿಟ್. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ 'ಸಿಸ್ಟಮ್ ಟೈಪ್' ಎಂಬ ಸಾಲು ಕಾಣುತ್ತದೆ. 64 ಬಿಟ್‌ಗೆಂದು ಮಾಡಿದ ತಂತ್ರಾಂಶ 32 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಅಣ್ಣನ ಲ್ಯಾಪ್‌ಟಾಪಿನ ಪ್ರೊಸೆಸರ್ 64 ಬಿಟ್. ಅದರಲ್ಲಿದ್ದ ವಿಂಡೋಸ್ ಮಾತ್ರ 32 ಬಿಟ್!

ಎರಡನೆಯದು, ವಿಂಡೋಸ್‌ನ ಆವೃತ್ತಿ. ಸೇಜ್‌ಮ್ಯಾತ್‌ಗೆ ವಿಂಡೋಸ್‌ನ ನೇರ ಇನ್‌ಸ್ಟಾಲರ್ ಬಂದದ್ದು 2021ರ 9.3 ಆವೃತ್ತಿಯವರೆಗೆ ಮಾತ್ರ. ಈಗ ವಿಂಡೋಸ್‌ನೊಳಗೆ ಲಿನಕ್ಸ್ ನಡೆಸುವ ಡಬ್ಲ್ಯು.ಎಸ್.ಎಲ್. ಎಂಬ ಸೌಲಭ್ಯದ ಮೂಲಕ ಹಾಕಬೇಕು. ಅದಕ್ಕೆ 64 ಬಿಟ್‌ನ ವಿಂಡೋಸ್ 10 ಅಥವಾ 11 ಬೇಕು. ಆದರೂ ಆಗದಿದ್ದರೆ ಬಯೋಸ್‌ನಲ್ಲಿ 'ವರ್ಚುವಲೈಸೇಶನ್' ಆನ್ ಆಗಿದೆಯೇ ನೋಡಿ.

ಮೂರನೆಯದು, ಡೌನ್‌ಲೋಡ್ ಪೂರ್ಣವಾಗಿದೆಯೇ? ನೆಟ್ ನಡುವೆ ಕಡಿದರೆ ಫೈಲು ಅರ್ಧವೇ ಇಳಿದಿರಬಹುದು. ಫೈಲಿನ ಗಾತ್ರವನ್ನು ತಾಣದಲ್ಲಿ ಕೊಟ್ಟಿರುವ ಗಾತ್ರದೊಂದಿಗೆ ಹೋಲಿಸಿ. ಇನ್‌ಸ್ಟಾಲ್ ಮಾಡುವ ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬೇಡ. ಕೆಲವು ತಂತ್ರಾಂಶಗಳು ಅದರಿಂದಲೇ ಕೆಡುತ್ತವೆ.

ನಾಲ್ಕನೆಯದು, ಪೈಥಾನ್ ಆವೃತ್ತಿ. ಪೈಥಾನ್ 2ರ ನಿರ್ವಹಣೆ 2020ರ ಜನವರಿ 1ಕ್ಕೆ ನಿಂತಿತು. ಹಳೆಯ ಪುಸ್ತಕದ ಪ್ರೋಗ್ರಾಂನಲ್ಲಿ 'ಪ್ರಿಂಟ್' ಮುಂದೆ ಆವರಣ ಇಲ್ಲದಿದ್ದರೆ ಪೈಥಾನ್ 3 ದೋಷ ತೋರಿಸಿ ನಿಲ್ಲುತ್ತದೆ. ಇದು ಒಳ್ಳೆಯದೇ, ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ 7/2 ಎಂದರೆ ಪೈಥಾನ್ 2ರಲ್ಲಿ 3, ಪೈಥಾನ್ 3ರಲ್ಲಿ 3.5. ಇಲ್ಲಿ ಯಾವ ದೋಷ ಸಂದೇಶವೂ ಬರುವುದಿಲ್ಲ, ಉತ್ತರ ಮಾತ್ರ ಬೇರೆಯಾಗುತ್ತದೆ. ಆದ್ದರಿಂದ ತಂತ್ರಾಂಶ ತೆರೆದುಕೊಂಡಿತೆಂದು ಸುಮ್ಮನಾಗಬೇಡಿ. ಉತ್ತರ ಗೊತ್ತಿರುವ ಲೆಕ್ಕವೊಂದನ್ನು ಮೊದಲು ಕೊಟ್ಟು ನೋಡಿ. ಎಕ್ಸ್ ವರ್ಗವನ್ನು 0ಯಿಂದ 1ರವರೆಗೆ ಅನುಕಲಿಸಿದರೆ 1/3 ಬರಲೇಬೇಕು.

ಕೊನೆಗೆ ನಾನು ಮಾಡಿದ್ದು ಇಷ್ಟೆ: ಸೇಜ್‌ಮ್ಯಾತ್ ಬಿಟ್ಟು ಮ್ಯಾಕ್ಸಿಮಾದ 32 ಬಿಟ್ ಆವೃತ್ತಿ ಹಾಕಿಕೊಂಡೆ. ಸೇಜ್‌ಮ್ಯಾತ್ ಕೂಡ ಅನುಕಲನಕ್ಕೆ ಒಳಗೊಳಗೇ ಮ್ಯಾಕ್ಸಿಮಾವನ್ನು ಬಳಸಿಕೊಳ್ಳುತ್ತದೆ. ಪಿಯುಸಿಯ ಅವಕಲನ, ಅನುಕಲನ, ಮಾತೃಕೆಗಳಿಗೆ ಅದು ಧಾರಾಳವಾಗಿ ಸಾಕು.

ಇಷ್ಟಾದರೂ ಆಗದಿದ್ದರೆ ಕಂಪ್ಯೂಟರ್ ಲ್ಯಾಬಿನಲ್ಲಿ ಕೇಳಿ. ಆದರೆ 'ಸರ್, ಆಗ್ತಾ ಇಲ್ಲ' ಎಂದಷ್ಟೇ ಹೇಳಬೇಡಿ. ದೋಷ ಸಂದೇಶವನ್ನು ಪೂರ್ತಿ ಬರೆದುಕೊಂಡು, ವಿಂಡೋಸ್ ಮತ್ತು ತಂತ್ರಾಂಶ ಎರಡರ ಆವೃತ್ತಿಯನ್ನೂ ಜೊತೆಗೆ ಒಯ್ಯಿರಿ. ಸಂದೇಶವನ್ನು ನಿಧಾನವಾಗಿ ಓದಿದರೆ ಎಷ್ಟೋ ಸಲ ಪರಿಹಾರ ಅದರಲ್ಲೇ ಇರುತ್ತದೆ.