ಮೊದಲ ಹತ್ತು ಮೀಟರು

ಸ್ಕೂಬಾ ಡೈವಿಂಗಿಗೆ ಹೊರಟವರ ಮನೆಯವರಿಗೆ ಉಸಿರಿನದೇ ಚಿಂತೆ. ಸಿಲಿಂಡರಿನ ಗಾಳಿ ಮುಗಿದುಹೋದರೆ ಏನು ಗತಿ, ಬಾಯಲ್ಲಿ ಕಚ್ಚಿಕೊಂಡದ್ದು ಜಾರಿದರೆ ಏನು ಮಾಡುವುದು ಎಂಬ ಭಯ. ಆದರೆ ಡೈವರ್‌ಗಳಿಗೆ ಆಗುವ ಗಾಯಗಳಲ್ಲಿ ಅತಿ ಸಾಮಾನ್ಯವಾದದ್ದು ಕಿವಿಯ ಗಾಯ. ಕಿವಿತಮಟೆಯ ಹಿಂದಿರುವ ಮಧ್ಯಕಿವಿಗೆ ಒತ್ತಡದ ವ್ಯತ್ಯಾಸದಿಂದ ಪೆಟ್ಟು ಬೀಳುತ್ತದೆ. ಅದು ಬೀಳುವುದು ಬಹುಪಾಲು ಇಳಿಯುವಾಗ, ಅದೂ ಮೇಲಿನ ಕೆಲವೇ ಮೀಟರುಗಳಲ್ಲಿ. ಕಿವಿ ಬಿಡಲಿಲ್ಲವೆಂದು ಅರ್ಧಕ್ಕೇ ಮೇಲೆ ಬಂದವರು ಸಾಮಾನ್ಯವಾಗಿ ತಮ್ಮನ್ನೇ ದೂರಿಕೊಳ್ಳುತ್ತಾರೆ: ಧೈರ್ಯ ಸಾಲಲಿಲ್ಲ, ಸರಿಯಾಗಿ ಊದಲು ಬರಲಿಲ್ಲ ಎಂದು. ಕಿವಿಯ ರಚನೆಯನ್ನು ನೋಡಿದರೆ ಈ ದೂರಿಗೆ ಆಧಾರ ಸಿಗುವುದಿಲ್ಲ. ತೊಂದರೆಯ ಮೂಲ ಹೆಚ್ಚಿನ ಸಲ ಇಳಿಯುವ ವೇಗದಲ್ಲಿರುತ್ತದೆ. ಅದರ ಜೊತೆಗೆ "ನೋವು ಬಂದರೆ ಮೂಗು ಹಿಡಿದು ಊದಿ" ಎಂದು ಎಲ್ಲರೂ ಕೊಡುವ ಸಲಹೆಯಲ್ಲಿರುತ್ತದೆ. ನೋವು ಬರುವ ಹೊತ್ತಿಗೆ ಊದುವ ಸಮಯ ಮೀರುತ್ತ ಬಂದಿರುತ್ತದೆ.

ಮೊದಲು ಲೆಕ್ಕ ನೋಡೋಣ. ಕಡಲ ಮೇಲ್ಮೈಯಲ್ಲಿ ಗಾಳಿಯ ಒತ್ತಡ ಒಂದು ಅಟ್ಮಾಸ್ಫಿಯರ್. ನೀರಿನೊಳಗೆ ಪ್ರತಿ 10 ಮೀಟರಿಗೆ ಅಷ್ಟೇ ಒತ್ತಡ ಮತ್ತೆ ಸೇರುತ್ತದೆ. ಒತ್ತಡ ಇಮ್ಮಡಿಸಿದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂಬುದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. ಅದರಂತೆ ಮೊದಲ 10 ಮೀಟರ್ ಇಳಿಯುವಷ್ಟರಲ್ಲೇ ಮಧ್ಯಕಿವಿಯ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ. ಇನ್ನೊಮ್ಮೆ ಅರ್ಧವಾಗಬೇಕಾದರೆ 30 ಮೀಟರಿನವರೆಗೆ ಹೋಗಬೇಕು. ಆಳ ಹೆಚ್ಚಿದಷ್ಟೂ ಕಿವಿಗೆ ಕಷ್ಟ ಹೆಚ್ಚು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಬಸ್ಸು ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಆ ಇಡೀ ಘಾಟಿಯಲ್ಲಿ ಗಾಳಿಯ ಒತ್ತಡ ಬದಲಾಗುವುದು ಒಂದು ಮೀಟರ್ ನೀರಿನಷ್ಟೂ ಅಲ್ಲ. ವಿಮಾನದ ಒಳಗಿನ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ ಎತ್ತರದ ಮಟ್ಟದಲ್ಲಿ ಇಟ್ಟಿರುತ್ತಾರೆ. ಅಲ್ಲಿಂದ ಕಡಲಮಟ್ಟದ ನಿಲ್ದಾಣಕ್ಕೆ ಇಳಿಯುವಷ್ಟರಲ್ಲಿ ಕಿವಿ ಎದುರಿಸುವುದು ಸುಮಾರು ಎರಡೂವರೆ ಮೀಟರ್ ನೀರಿನ ಒತ್ತಡವನ್ನು. ವಿಮಾನಕ್ಕೆ ಅದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ, ಡೈವರ್ ಹತ್ತು ಸೆಕೆಂಡಿನಲ್ಲಿ ಮುಗಿಸಿಬಿಡಬಹುದು.

ಈ ಒತ್ತಡವನ್ನು ಸರಿದೂಗಿಸಲು ನಮಗಿರುವುದು ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಇಳಿಯುವ ಯುಸ್ಟೇಶಿಯನ್ ನಾಳ. ದೊಡ್ಡವರಲ್ಲಿ ಇದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಕಿವಿಯ ಕಡೆಯ ಮೂರನೇ ಒಂದು ಭಾಗ ಎಲುಬಿನದು, ಉಳಿದದ್ದು ಮೆದುವಾದ ಮೃದ್ವಸ್ಥಿಯದು. ಮಾಮೂಲಿ ಸ್ಥಿತಿಯಲ್ಲಿ ನಾಳ ಮುಚ್ಚಿಯೇ ಇರುತ್ತದೆ. ಉಗುಳು ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯುಗಳು ಅದನ್ನು ಕ್ಷಣಕಾಲ ತೆರೆಯುತ್ತವೆ. ಹಳೆಯ ಸೈಕಲ್ಲಿನ ವಾಲ್‌ಟ್ಯೂಬ್ ನೆನಪಿರುವವರಿಗೆ ಇದರ ನಡವಳಿಕೆ ಬೇಗ ಅರ್ಥವಾದೀತು: ಒಂದು ಕಡೆಯಿಂದ ಗಾಳಿ ಸಲೀಸಾಗಿ ದಾಟುತ್ತದೆ, ಇನ್ನೊಂದು ಕಡೆಯಿಂದ ಒತ್ತಿದಷ್ಟೂ ರಬ್ಬರು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೇಲೆ ಬರುವಾಗ ಹಿಗ್ಗಿದ ಗಾಳಿ ಕಿವಿಯಿಂದ ತಾನಾಗಿ ಹೊರಬೀಳುತ್ತದೆ. ಇಳಿಯುವಾಗ ಗಂಟಲಿನ ಕಡೆಯ ಒತ್ತಡವೇ ನಾಳದ ಮೆದು ಗೋಡೆಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ವೈದ್ಯರು ಕಂಡುಕೊಂಡ ಅಂಕಿಗಳನ್ನು ಗಮನಿಸಿ: ಒತ್ತಡದ ವ್ಯತ್ಯಾಸ ಸುಮಾರು 60 ಮಿಲಿಮೀಟರ್ ಪಾದರಸದಷ್ಟಾದಾಗ ಕಿವಿ ನೋಯುತ್ತದೆ. ಸುಮಾರು 90ಕ್ಕೆ ನಾಳ ಬಿಗಿದುಕೊಂಡುಬಿಡುತ್ತದೆ. ಆಮೇಲೆ ಸ್ನಾಯುಗಳು ಎಷ್ಟು ಎಳೆದರೂ ತೆರೆಯುವುದಿಲ್ಲ. ಒಂದು ಮೀಟರ್ ನೀರು ಸುಮಾರು 75 ಮಿಲಿಮೀಟರ್ ಪಾದರಸಕ್ಕೆ ಸಮ. ಅಂದರೆ ನೋವು ಶುರುವಾದ ಮೇಲೆ ನಾಳ ಬಿಗಿಯಲು ಉಳಿದಿರುವುದು ಅರ್ಧ ಮೀಟರಿಗೂ ಕಡಿಮೆ ನೀರು. ನೋವನ್ನು ಎಚ್ಚರಿಕೆಯ ಗಂಟೆಯೆಂದು ನಂಬಿ ಕಾಯುವುದು ತಪ್ಪು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಹಾಗೆ ಬಿಗಿದ ಮೇಲೂ ಇಳಿಯುತ್ತ ಹೋದರೆ ತಮಟೆ ಒಳಕ್ಕೆ ಬಾಗುತ್ತದೆ, ಒಳಪೊರೆ ಊದಿಕೊಳ್ಳುತ್ತದೆ, ಸಣ್ಣ ರಕ್ತನಾಳಗಳು ಒಡೆಯುತ್ತವೆ. ಗಾಳಿ ಬಾರದ ಜಾಗವನ್ನು ದೇಹ ಕೀವಿಲ್ಲದ ದ್ರವದಿಂದಲೂ ರಕ್ತದಿಂದಲೂ ತುಂಬಿಸುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿ ಸಿಬ್ಬಂದಿಯ ಕಿವಿಗಳನ್ನು ಪರೀಕ್ಷಿಸಿದ ಟೀಡ್ ಎಂಬ ವೈದ್ಯ 1944ರಲ್ಲಿ ಈ ಗಾಯವನ್ನು ಹಂತಗಳಾಗಿ ವಿಂಗಡಿಸಿದ. ತಮಟೆ ಕೆಂಪಾಗುವುದರಿಂದ ಹಿಡಿದು ಹರಿಯುವವರೆಗೆ. ಆ ಬಗೆಯ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. "ಮೊದಲು ನೋಯಿತು, ಆಮೇಲೆ ತಾನಾಗಿ ಸರಿಹೋಯಿತು" ಎಂದು ಕೆಲವರು ಸಮಾಧಾನ ಪಡುವುದುಂಟು. ದ್ರವ ತುಂಬಿಕೊಂಡು ಒತ್ತಡ ಸಮವಾದಾಗಲೂ ನೋವು ಇಳಿಯುತ್ತದೆ. ತಮಟೆ ಹರಿದಾಗಲೂ ಇಳಿಯುತ್ತದೆ, ಆಗ ತಣ್ಣನೆಯ ನೀರು ಒಳನುಗ್ಗಿ ತಲೆ ಗಿರ್ರನೆ ತಿರುಗಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದಂತಾಗಬಹುದು.

ಹಾಗಿದ್ದರೆ ಜೋರಾಗಿ ಊದಿ ತೆರೆಯಬಾರದೇಕೆ? ಮೂಗು ಹಿಡಿದು ಊದುವ ಉಪಾಯಕ್ಕೆ ಇಟಲಿಯ ಆಂಟೋನಿಯೊ ಮಾರಿಯಾ ವಾಲ್ಸಾಲ್ವಾನ ಹೆಸರಿದೆ. 1704ರಲ್ಲಿ ಕಿವಿಯ ಮೇಲೆ ಗ್ರಂಥ ಬರೆದ ಅವನು ಇದನ್ನು ಹೇಳಿಕೊಟ್ಟದ್ದು ಮಧ್ಯಕಿವಿಯ ಕೀವನ್ನು ಹೊರದೂಡಲು. ಇದು ನಾಳ ತೆರೆಯುವ ಸ್ನಾಯುಗಳನ್ನು ಬಳಸುವುದಿಲ್ಲ, ಬರೀ ಗಾಳಿಯನ್ನು ನೂಕುತ್ತದೆ. ಬಿಗಿದ ನಾಳಕ್ಕೆ ಅದು ಇನ್ನಷ್ಟು ಬಿಗಿ ಹಾಕುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಒಳಕಿವಿಯದು. ಎದೆಯಿಂದ ಮುಕ್ಕಿರಿದು ಊದಿದಾಗ ಮಿದುಳಿನ ಸುತ್ತಲಿನ ದ್ರವದ ಒತ್ತಡ ಏರಿ, ಅದು ಒಳಕಿವಿಯ ದ್ರವಕ್ಕೂ ದಾಟಿ, ಅಲ್ಲಿನ ತೆಳುಪೊರೆ ಹರಿಯಬಹುದು. ತಮಟೆಯ ಗಾಯ ಬಹಳ ಸಲ ಕೆಲವು ವಾರಗಳಲ್ಲಿ ಮಾಯುತ್ತದೆ. ಒಳಕಿವಿಗೆ ಆದ ಹಾನಿ ಕಾಯಂ ಕಿವುಡಾಗಿ ಉಳಿಯಬಹುದು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ವೈದ್ಯ ಜೋಸೆಫ್ ಟಾಯ್ನ್‌ಬೀ ಮೂಗು ಹಿಡಿದು ಉಗುಳು ನುಂಗುವ ವಿಧಾನವನ್ನು ವಿವರಿಸಿದ. ಜರ್ಮನಿಯ ವಾಯುಪಡೆಯ ವೈದ್ಯ ಹರ್ಮನ್ ಫ್ರೆಂಜೆಲ್ ವಿಮಾನ ಚಾಲಕರಿಗೆ ಕಲಿಸಿದ್ದು ಇನ್ನೂ ಮೃದುವಾದದ್ದು: ಮೂಗು ಹಿಡಿದು, ಗಂಟಲು ಮುಚ್ಚಿ, "ಕ" ಎನ್ನಲು ಹೊರಟಂತೆ ನಾಲಿಗೆಯ ಬುಡವನ್ನು ಮೇಲೆತ್ತುವುದು. ಎದೆಯ ಬಲ ಇದರಲ್ಲಿ ಸೇರುವುದೇ ಇಲ್ಲ, ಹಾಗಾಗಿ ಅತಿ ಒತ್ತಡದ ಭಯ ಕಡಿಮೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದರೆ ಹಿಡಿದ ಮೂಗಿನ ಹೊಳ್ಳೆಗಳು ಉಬ್ಬುವುದೂ ಗಂಟಲಮಣಿ ಮೇಲೇರುವುದೂ ಕಾಣುತ್ತದೆ.

ಯಾವ ವಿಧಾನವಾದರೂ ಅದು ಫಲಿಸುವುದು ಮುಂಚಿತವಾಗಿ ಮಾಡಿದಾಗ. ದೋಣಿಯ ಬಳಿ ಮೇಲ್ಮೈಯಲ್ಲೇ ಒಮ್ಮೆ, ತಲೆ ಮುಳುಗಿದೊಡನೆ ಮತ್ತೊಮ್ಮೆ, ಆಮೇಲೆ ಅರ್ಧರ್ಧ ಮೀಟರಿಗೆ. ಲಂಗರಿನ ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿದರೆ ಒಳ್ಳೆಯದು. ತಲೆ ಕೆಳಗಾದರೆ ಮೂಗಿನ ಹಿಂಭಾಗದಲ್ಲಿ ರಕ್ತ ತುಂಬಿ ನಾಳದ ಬಾಯಿ ಕಿರಿದಾಗುತ್ತದೆ. ಬಿಡಲಿಲ್ಲವೆಂದರೆ ಅಲ್ಲೇ ನಿಂತು ಗುದ್ದಾಡದೆ ಒಂದು ಮೀಟರ್ ಮೇಲೇರಿ ಮತ್ತೆ ಯತ್ನಿಸಬೇಕು.

ಇದೆಲ್ಲ ವೃತ್ತಿಪರರಿಗೆ, ಒಂದು ದಿನದ ಮೋಜಿಗೆ ಹೋಗುವವರಿಗೇಕೆ ಎನ್ನುವವರಿದ್ದಾರೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗುವ ಹಲವರು ಜೀವನದಲ್ಲಿ ಮೊದಲ ಸಲ ಮುಳುಗುವವರು. ಇಂಥ ಪರಿಚಯದ ಡೈವಿಂಗಿಗೆ ಸಾಮಾನ್ಯವಾಗಿ 12 ಮೀಟರಿನ ಮಿತಿಯಿದೆ. ಆದರೆ ಮೇಲಿನ ಲೆಕ್ಕದ ಪ್ರಕಾರ ಕಿವಿಯ ಅಪಾಯದ ವಲಯ ಪೂರ್ತಿಯಾಗಿ ಆ ಮಿತಿಯೊಳಗೇ ಇದೆ. ಅಲ್ಲದೆ ಹೊಸಬರ ಸಿಲಿಂಡರನ್ನು ಬೋಧಕರು ಹಿಡಿದಿರುತ್ತಾರೆ, ಇಳಿಯುವ ವೇಗ ಅವರ ಕೈಯಲ್ಲಿರುತ್ತದೆ. ಹೊಸಬರ ಕೈಯಲ್ಲಿರುವುದು ಒಂದು ಸನ್ನೆ ಮಾತ್ರ: ಅಂಗೈಯನ್ನು ಆಚೀಚೆ ತೂಗಾಡಿಸಿ ಕಿವಿಯತ್ತ ಬೆರಳು ತೋರಿಸುವುದು. ಕೊಟ್ಟ ದುಡ್ಡು, ಪಕ್ಕದಲ್ಲಿರುವ ಕ್ಯಾಮೆರಾ, ಮೇಲೆ ಕಾಯುತ್ತಿರುವ ಗೆಳೆಯರು, ಇವೆಲ್ಲ ಆ ಸನ್ನೆಯನ್ನು ತಡಮಾಡಿಸುತ್ತವೆ. ಮೂಗು ಹಿಡಿದು ಕಿವಿ ಬಿಡಿಸುವುದನ್ನು ದಡದಲ್ಲೇ ಒಬ್ಬೊಬ್ಬರಿಂದಲೂ ಮಾಡಿಸಿ ನೋಡುವುದು ಬೋಧಕರ ಕರ್ತವ್ಯ. ಅಲ್ಲೇ ಬಿಡದ ಕಿವಿ ನೀರಿನಡಿ ಬಿಡುವ ಸಂಭವ ಕಡಿಮೆ, ಅಂಥವರಿಗೆ ಮೇಲ್ಮೈಯ ಸ್ನಾರ್ಕೆಲಿಂಗ್ ಇದೆ.

ಮೂಗು ಕಟ್ಟಿದ್ದರೆ ಮಾತ್ರೆ ನುಂಗಿ ಇಳಿದರಾಯಿತು ಎನ್ನುವವರೂ ಇದ್ದಾರೆ. ಅವರ ವಾದಕ್ಕೆ ಸ್ವಲ್ಪ ಆಧಾರವುಂಟು. ಹೊಸ ಡೈವರ್‌ಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೂಡೋಎಫೆಡ್ರಿನ್ ಕಿವಿಯ ಪೆಟ್ಟನ್ನು ಕಡಿಮೆ ಮಾಡಿತ್ತು. ಆದರೆ ನೆಗಡಿಯನ್ನು ಮಾತ್ರೆಯಿಂದ ಮುಚ್ಚಿಟ್ಟು ಇಳಿದರೆ ಔಷಧದ ಗುಣ ಕೆಳಗಿರುವಾಗಲೇ ಮುಗಿಯಬಹುದು. ಆಗ ಹಿಗ್ಗುವ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಮೇಲೆ ಬರುವುದೇ ಯಾತನೆಯಾಗುತ್ತದೆ. ಇಳಿಯದೆ ಇರುವ ಆಯ್ಕೆ ಇದೆ, ಮೇಲೆ ಬಾರದೆ ಇರುವ ಆಯ್ಕೆ ಇಲ್ಲ. ಕಿವಿಗೆ ಪ್ಲಗ್ ಹಾಕುವುದಂತೂ ತಮಟೆಯ ಹೊರಗೂ ಒಂದು ಮುಚ್ಚಿದ ಗಾಳಿಗೂಡನ್ನು ಕಟ್ಟಿದಂತೆ. ಅಲರ್ಜಿ, ಮೂಗಿನ ನಡುಗೋಡೆಯ ಸೊಟ್ಟ, ಹಳೆಯ ಕಿವಿಸೋರುವಿಕೆ ಇರುವವರು ಮೊದಲೇ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ಕೆಲವರಿಗೆ ಡೈವಿಂಗ್ ಬೇಡವೆಂಬುದೇ ಸರಿಯಾದ ಉತ್ತರವಾಗಿರುತ್ತದೆ.

ಮೇಲೆ ಬಂದ ಮೇಲೆ ಕಿವಿ ತುಂಬಿದಂತಿದ್ದರೆ, ಮಂದವಾಗಿ ಕೇಳಿಸಿದರೆ ವೈದ್ಯರು ನೋಡುವತನಕ ಮತ್ತೆ ಮುಳುಗಬಾರದು. ತಲೆಸುತ್ತು, ಗುಯ್ ಎಂಬ ಸದ್ದು, ಒಮ್ಮೆಗೇ ಕೇಳದಾಗುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಿವಿನೋವೆಂದರೆ ಬಿಸಿಮಾಡಿದ ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮ ಮನೆಗಳಲ್ಲಿದೆ. ಈ ನೋವಿಗೆ ಅದನ್ನು ಬಿಡಬಾರದು: ತೊಂದರೆಯಿರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ, ಮುಟ್ಟಿತೆಂದರೆ ತಮಟೆ ಹರಿದಿದೆ ಎಂದೇ ಅರ್ಥ.