ಅಕ್ವೇರಿಯಂ ತರೋ ಮುಂಚೆ ಇಡೋ ಜಾಗ ಗಟ್ಟಿ ಇದೆಯಾ ನೋಡಿ

ಮನೆಗೋ ಅಂಗಡಿಗೋ ಮೀನಿನ ತೊಟ್ಟಿ ತರೋ ಮುಂಚೆ ತೂಕ ಲೆಕ್ಕ ಹಾಕಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತೆ. ಅಂದ್ರೆ ನೀರೇ 56 ಕೆಜಿ. ಗಾಜು, ಕಲ್ಲು ಬೇರೆ.

ಹಾಗಾಗಿ ಅಂಗಡಿಯ ಗಾಜಿನ ಕೌಂಟರ್ ಬೇಡವೇ ಬೇಡ. ಪಾರ್ಟಿಕಲ್ ಬೋರ್ಡ್‌ನ ಟಿವಿ ಸ್ಟ್ಯಾಂಡ್ ಕೂಡ ನೀರು ಬಿದ್ದರೆ ಉಬ್ಬಿ ಬಲ ಕಳೆದುಕೊಳ್ಳುತ್ತೆ. ವೆಲ್ಡಿಂಗ್ ಮಾಡಿದ ಕಬ್ಬಿಣದ ಸ್ಟ್ಯಾಂಡ್ ಅಥವಾ ಇಟ್ಟಿಗೆ ಕಟ್ಟೆ ಒಳ್ಳೇದು.

ರಸಮಟ್ಟ ಇಟ್ಟು ನೋಡಿ. ವಾಲಿದ್ರೆ ಗಾಜಿನ ಮೇಲೆ ಒತ್ತಡ ಬಿದ್ದು ಸೋರಬಹುದು, ಒಡೆಯಲೂಬಹುದು.

ಪ್ಲಗ್ ಪಾಯಿಂಟ್ ತೊಟ್ಟಿಯ ನೇರ ಕೆಳಗೆ ಇರಬಾರದು. ವೈರ್ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇರಿ ಪ್ಲಗ್ ಸೇರಲಿ. ಜಾರಿ ಬಂದ ನೀರು ಕೆಳಗೇ ತೊಟ್ಟಿಕ್ಕುತ್ತೆ, ಪ್ಲಗ್‌ಗೆ ಹೋಗಲ್ಲ.

ನೀರು ತುಂಬಿದ ತೊಟ್ಟಿಯನ್ನ ಮಾತ್ರ ಜರುಗಿಸಬೇಡಿ.